‘ಗೊರ್ದೀತೊ’ ಅಂದರೆ ಬೈಗುಳವೇ?

ಹಾಸನದ ಓದುಗರೊಬ್ಬರ ಪತ್ರ: ‘ಮಗ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಕೆಲಸಕ್ಕಿದ್ದಾನೆ. ಆಫೀಸಿನವರು ಅವನನ್ನು ಗೊರ್ದೀತೊ ಅಂತಾರಂತೆ. ಹಾಗಂದರೆ ದಪ್ಪ ಅಂತೆ. ಇದು ಅವಮಾನವೇ? ಅವನೂ ಬೇರೆಯವರನ್ನು ಹಾಗೇ ಕರೆಯಬಹುದೇ?’

ಸಂಪಾದಕರ ಉತ್ತರ: ನಿಮ್ಮ ಕಳವಳ ಸಹಜ. ಆದರೂ ಅವಮಾನವೆಂದು ಈಗಲೇ ತೀರ್ಮಾನಿಸಬೇಡಿ. ಮೆಕ್ಸಿಕೋದವರು ಆಡುವ ಸ್ಪ್ಯಾನಿಷ್ ಭಾಷೆಯಲ್ಲಿ ಗೊರ್ದೊ ಎಂದರೆ ದಪ್ಪಗಿರುವವನು, ಹೆಣ್ಣಾದರೆ ಗೊರ್ದಾ. ಕೊನೆಗೆ ‘ಈತೊ’ ಸೇರಿದಾಗ ನಾವು ಮಗುವನ್ನು ಗುಂಡಣ್ಣ ಅನ್ನುವಾಗಿನ ಸಲಿಗೆ ಬರುತ್ತದೆ. ಮೆಕ್ಸಿಕೋ, ಅರ್ಜೆಂಟೀನಾಗಳಲ್ಲಿ ಗಂಡ ಹೆಂಡಿರು ಒಬ್ಬರನ್ನೊಬ್ಬರು ಗೊರ್ದೊ, ಗೊರ್ದಾ ಎಂದೇ ಕರೆದುಕೊಳ್ಳುವುದುಂಟು. ಅವರು ಕಡ್ಡಿಯಂತಿದ್ದರೂ ಸರಿಯೇ. ‘ಫ್ಲಾಕೊ’ ಅಂದರೆ ಸಣಕಲ. ಬ್ಯೂನಸ್ ಐರಿಸ್‌ನಲ್ಲಿ ಗುರುತಿಲ್ಲದ ಹುಡುಗನನ್ನೂ ಹಾಗೆ ಕೂಗುತ್ತಾರೆ. 1978ರಲ್ಲಿ ಅರ್ಜೆಂಟೀನಾಕ್ಕೆ ಫುಟ್‌ಬಾಲ್ ವಿಶ್ವಕಪ್ ಗೆಲ್ಲಿಸಿಕೊಟ್ಟ ಕೋಚ್ ಸೆಸಾರ್ ಲೂಯಿಸ್ ಮೆನೊಟ್ಟಿ ನಾಡಿಗೆಲ್ಲ ‘ಎಲ್ ಫ್ಲಾಕೊ’.

ಪ್ರೀತಿಯೋ ಚುಚ್ಚುವಿಕೆಯೋ ಎಂಬುದು ಮಾತು ಕಟ್ಟಿದ ರೀತಿಯಲ್ಲಿ ಗೊತ್ತಾಗುತ್ತದೆ. ಎದುರಿಗೇ, ‘ಮಿ’ (ನನ್ನ) ಸೇರಿಸಿ ಕರೆದರೆ ಅಕ್ಕರೆ. ಬೆನ್ನ ಹಿಂದೆ ‘ಎಲ್ ಗೊರ್ದೊ ಎಸೆ’ ಅಂದರೆ ತಾತ್ಸಾರ. ‘ಎಸೆ’ (ಆ) ಹೆಸರಿನ ನಂತರ ಬಂದಾಗ ‘ಆ ಡುಮ್ಮ ಇದಾನಲ್ಲ’ ಎಂಬ ಧಾಟಿ. ಕ್ರಿಯಾಪದವನ್ನೂ ಗಮನಿಸಬೇಕು. ‘ಎಸ್ ಗೊರ್ದೊ’ ಅಂದರೆ ಆಳೇ ದಪ್ಪ. ‘ಎಸ್ತಾ ಗೊರ್ದೊ’ ಅಂದರೆ ಈಗ ದಪ್ಪಗಾಗಿದ್ದಾನೆ. ಬಹಳ ದಿನದ ಮೇಲೆ ಸಿಕ್ಕವರು ‘ಎಂಗೊರ್ದಾಸ್ತೆ’ ಅಂದರೆ ನಮ್ಮ ‘ದಪ್ಪ ಆಗಿದೀಯಲ್ಲೋ’ ಅಷ್ಟೇ. ‘ಸೀ, ಉನ್ ಪೊಕೀತೊ’ (ಹೂಂ, ಸ್ವಲ್ಪ) ಅಂದರೆ ಸಾಕು.

ಮಗ ಹಾಗೇ ಕರೆಯಬಹುದೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಎದುರಿನವರು ತಮ್ಮನ್ನು ತಾವೇ ಹಾಗೆ ಹೇಳಿಕೊಳ್ಳುವವರೆಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೇಲಧಿಕಾರಿಗಳಿಗೆ, ಬಳಸಲೇಬಾರದು. ಯಾರ ಮೈಕಟ್ಟನ್ನಾದರೂ ವರ್ಣಿಸಲೇಬೇಕಾಗಿ ಬಂದರೆ, ದಪ್ಪಗಿರುವವರಿಗೆ ಮೆಕ್ಸಿಕೋದಲ್ಲಿ ‘ಯೆನೀತೊ’, ಸ್ಪೇನ್‌ನಲ್ಲಿ ‘ರೆಯೆನೀತೊ’ ಮೆತ್ತಗಿನ ಪದಗಳು. ತೆಳ್ಳಗಿರುವವರಿಗೆ ‘ದೆಲ್ಗಾದೊ’ ಎಲ್ಲ ಕಡೆಯೂ ನಡೆಯುತ್ತದೆ. ಸ್ಪೇನ್‌ನಲ್ಲಿ ‘ಫ್ಲಾಕೊ’ ಅಂದರೆ ಬಡಕಲು ಎಂಬ ಛಾಯೆ ಬಂದುಬಿಡುತ್ತದೆ. ದಪ್ಪ ಅನ್ನಲು ಸಂಕೋಚಪಟ್ಟು ‘ಗ್ರಾಂದೆ’ (ದೊಡ್ಡ) ಅಂದರೆ ಇನ್ನೊಂದು ಫಜೀತಿ: ಮೆಕ್ಸಿಕೋದಲ್ಲಿ ‘ಪೆರ್ಸೊನಾ ಗ್ರಾಂದೆ’ ವಯಸ್ಸಾದವರು!

ಇಷ್ಟೆಲ್ಲ ತಿಳಿದ ಮೇಲೂ ಆ ಹೆಸರು ಅವನಿಗೆ ನೋವು ಕೊಡುತ್ತಿದ್ದರೆ ಅವನು ಸಹಿಸಿಕೊಂಡಿರಬೇಕಿಲ್ಲ. ಅಲ್ಲಿನ ವಾಡಿಕೆ ಏನೇ ಇರಲಿ, ಮೈ ಅವನದು. ‘ನೊ ಮೆ ಗುಸ್ತಾ ಕೆ ಮೆ ದೀಗಾನ್ ಆಸೀ’ (ನನ್ನನ್ನು ಹಾಗೆ ಕರೆಯುವುದು ನನಗೆ ಇಷ್ಟವಿಲ್ಲ) ಎಂದು ನಗುನಗುತ್ತಲೇ, ಆದರೆ ಗಟ್ಟಿಯಾಗಿ ಹೇಳಲಿ. ಎಲ್ಲರೆದುರು ಹೇಳಿದರೆ ತಮಾಷೆಯಾಗಿ ತೇಲಿಹೋಗಬಹುದು. ಆ ಹೆಸರು ಮೊದಲು ಇಟ್ಟವರು ಯಾರೋ, ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುವುದು ಒಳ್ಳೆಯದು.