ಎರಡನೆಯ ಗ್ರೈಂಡರ್ ಯಾರದು?

ಓದುಗರ ಪತ್ರದ ಸಾರ: ಆನ್‌ಲೈನ್‌ನಲ್ಲಿ ಒಂದು ಗ್ರೈಂಡರ್ ತರಿಸಿದ್ದೆ. ನಾಲ್ಕು ದಿನ ಬಿಟ್ಟು ಅಂಥದ್ದೇ ಇನ್ನೊಂದು ಬಂತು. ಹಣ ಹೋಗಿರುವುದು ಒಂದಕ್ಕೆ ಮಾತ್ರ. ಗ್ರಾಹಕ ಸೇವೆಗೆ ಒಮ್ಮೆ ಫೋನ್ ಮಾಡಿದರೆ ಸಂಗೀತ ಕೇಳಿಸಿ ಕಡಿದುಹೋಯಿತು. ತಿಂಗಳಾದರೂ ಯಾರೂ ಕೇಳಿಲ್ಲ. ಅಮೆರಿಕದಲ್ಲಿರುವ ತಮ್ಮ ‘ಅದು ನಿನ್ನದೇ, ಇಲ್ಲಿ ಕಾನೂನೇ ಹಾಗಿದೆ’ ಎನ್ನುತ್ತಾನೆ. ಹೆಂಡತಿ ‘ಕದ್ದ ಸಾಮಾನು ಅಡುಗೆಮನೆಗೆ ಬೇಡ’ ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದ್ದಾಳೆ. ಮುಂದಿನ ತಿಂಗಳು ತಂಗಿಯ ಮಗಳ ಮದುವೆ. ಉಡುಗೊರೆಯಾಗಿ ಕೊಟ್ಟುಬಿಡಲೇ? — ತಿಪಟೂರಿನ ಓದುಗ

ಸಂಪಾದಕರ ಉತ್ತರ: ನಿಮ್ಮ ಮನೆಯವರು ಅಪರಾಧದ ಹೆಸರನ್ನು ತಪ್ಪಾಗಿ ಹೇಳಿದ್ದಾರೆ, ಪೆಟ್ಟಿಗೆಯನ್ನು ಮಾತ್ರ ಸರಿಯಾದ ಜಾಗದಲ್ಲೇ ಇಡಿಸಿದ್ದಾರೆ. ಕಳ್ಳತನವಾಗಬೇಕಾದರೆ ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ಎತ್ತಬೇಕು. ನೀವು ಏನನ್ನೂ ಎತ್ತಲಿಲ್ಲ. ಕೊರಿಯರ್ ಹುಡುಗ ತಾನಾಗಿ ತಂದು ಕೈಗಿತ್ತು ಹೋದ.

ಆದರೆ ಕಳ್ಳತನದ ಪಕ್ಕದ ಮನೆಯಲ್ಲೇ ಇನ್ನೊಂದು ಅಪರಾಧವಿದೆ: ಸ್ವತ್ತಿನ ಅಪ್ರಾಮಾಣಿಕ ದುರ್ವಿನಿಯೋಗ. ಹಳೆಯ ದಂಡ ಸಂಹಿತೆಯ 403ನೆಯ ಕಲಮಾಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314 ಆಗಿದೆ. ಹಿಂದೆ ಗರಿಷ್ಠ ಎರಡು ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿತ್ತು. ಈಗ ಸಜೆ ಆರು ತಿಂಗಳಿಗೆ ಕಡಿಮೆಯಿಲ್ಲ ಎಂಬ ಮಾತೂ ಸೇರಿದೆ, ಜೊತೆಗೆ ದಂಡವೂ ಖಾಯಂ. ಆ ಕಲಮಿನ ಮೊದಲ ದೃಷ್ಟಾಂತ ನಿಮ್ಮ ಅಟ್ಟವನ್ನು ನೋಡಿಯೇ ಬರೆದಂತಿದೆ. ಒಬ್ಬ ತನ್ನದೇ ಎಂದು ನಂಬಿ ಬೇರೆಯವರ ವಸ್ತುವನ್ನು ತೆಗೆದುಕೊಂಡರೆ ಕಳ್ಳತನವಲ್ಲ. ತಪ್ಪು ಗೊತ್ತಾದ ಮೇಲೆ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿದರೆ ಅಪರಾಧ. ಪೆಟ್ಟಿಗೆ ಅಟ್ಟದಲ್ಲಿರುವಷ್ಟು ದಿನ ನೀವು ಅದರ ಕಾವಲುಗಾರರು. ಬಣ್ಣದ ಕಾಗದ ಸುತ್ತಿ ‘ಸೋದರಮಾವನ ಪ್ರೀತಿಯ ಕಾಣಿಕೆ’ ಎಂದು ಬರೆದ ಗಳಿಗೆಯಿಂದ ಬೇರೆ ಮಾತು. ಒಂದು ಗ್ರೈಂಡರಿಗಾಗಿ ತಿಪಟೂರಿಗೆ ಪೊಲೀಸರು ಬರುತ್ತಾರೆಂದು ಹೆದರಿಸುತ್ತಿಲ್ಲ. ನೀವು ಕೇಳಿದ್ದಕ್ಕೆ ಹೇಳಿದೆ.

ಇನ್ನು ಕ್ರಿಮಿನಲ್ ಕಾನೂನನ್ನು ಪಕ್ಕಕ್ಕಿಟ್ಟರೂ 1872ರ ಕರಾರು ಕಾಯ್ದೆ ಬಿಡುವುದಿಲ್ಲ. ತಪ್ಪಾಗಿ ಕೊಟ್ಟ ಹಣವನ್ನಾಗಲಿ ವಸ್ತುವನ್ನಾಗಲಿ ಹಿಂತಿರುಗಿಸಬೇಕು ಎನ್ನುತ್ತದೆ 72ನೆಯ ಕಲಂ. 70ನೆಯ ಕಲಮಿನಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ಅವನು ಮರೆತು ಯಾರದೋ ಮನೆಯಲ್ಲಿ ಸರಕು ಬಿಟ್ಟು ಹೋಗುತ್ತಾನೆ, ಮನೆಯವನು ಅದನ್ನು ತನ್ನದೆಂಬಂತೆ ಬಳಸುತ್ತಾನೆ, ಹಾಗಾಗಿ ಬೆಲೆ ಕೊಡಬೇಕಾಗುತ್ತದೆ.

ಆ ಬೆಲೆಯನ್ನು ನಾನೂ ಕೊಟ್ಟಿದ್ದೇನೆ. ಒಂದು ಬೇಸಿಗೆಯಲ್ಲಿ ನಮ್ಮ ಕಚೇರಿಗೆ ಅಂಕೋಲೆಯಿಂದ ಕರಿ ಈಶಾಡು ಮಾವಿನ ಪೆಟ್ಟಿಗೆ ಬಂತು. ಚೀಟಿಯ ಮೇಲೆ ಮೇಲಿನ ಮಹಡಿಯವರ ಹೆಸರು. ಅವರ ಬಾಗಿಲಿಗೆ ಬೀಗ. ಎರಡು ದಿನ ಒಣಹುಲ್ಲಿನ ಸಂದಿಯಿಂದ ಪರಿಮಳ ಬಂತು. ಮೂರನೆಯ ದಿನ ಒಂದು ಹಣ್ಣಿನ ತೊಟ್ಟಿನ ಸುತ್ತ ಕಪ್ಪು ಕಾಣಿಸಿತು. ‘ಕೊಳೆಯುವುದಕ್ಕಿಂತ’ ಎಂದು ಉಪಸಂಪಾದಕರು ಶುರು ಮಾಡಿದರು. ವಾಕ್ಯ ಮುಗಿಯುವುದರೊಳಗೆ ಚಾಕು ಬಂದಿತ್ತು. ಕೊಳೆಯುತ್ತಿದ್ದದ್ದು ಒಂದು, ನಾವು ತಿಂದದ್ದು ಹನ್ನೊಂದು. ಬೀಗದವರು ಊರಿನಿಂದ ಬಂದ ಸಂಜೆ ಉಳಿದದ್ದನ್ನು ಹೊತ್ತು ಮೆಟ್ಟಿಲು ಹತ್ತಿದಾಗ ಹನ್ನೊಂದು ಹಣ್ಣು ಎಷ್ಟು ಭಾರ ಎಂದು ತಿಳಿಯಿತು. ದುಡ್ಡು ಬೇಡವೆಂದರು, ಬಲವಂತವಾಗಿ ಕೊಟ್ಟು ಬಂದೆ.

ನಿಮ್ಮ ತಮ್ಮ ಸುಳ್ಳು ಹೇಳಿಲ್ಲ. ಕೇಳದ ಸರಕನ್ನು ಅಂಚೆಯಲ್ಲಿ ಕಳುಹಿಸಿ ಆಮೇಲೆ ಹಣಕ್ಕೆ ಪೀಡಿಸುವ ವ್ಯಾಪಾರಿಗಳ ಕಾಟಕ್ಕೆ ಅಮೆರಿಕ 1970ರಲ್ಲಿ ತಂದ ಕಾನೂನದು: ಅಂಥದ್ದನ್ನು ಉಡುಗೊರೆಯೆಂದು ಇಟ್ಟುಕೊಳ್ಳಬಹುದು. ಆದರೆ ನಿಮ್ಮ ಗ್ರೈಂಡರ್ ಇಳಿದದ್ದು ತಿಪಟೂರಿನಲ್ಲಿ.

ಒಂದು ಫೋನ್ ಕರೆ ಸಾಲದು. ಆರ್ಡರ್ ಸಂಖ್ಯೆ ಹಾಕಿ ಇಮೇಲ್ ಬರೆಯಿರಿ: ಎರಡನೆಯದು ಬಂದಿದೆ, ತೆರೆದಿಲ್ಲ, ನಿಮ್ಮ ಖರ್ಚಿನಲ್ಲಿ ಬಂದು ಒಯ್ಯಿರಿ, ಇಲ್ಲವೇ ಬಿಲ್ ಕಳುಹಿಸಿ. ನೀವೇ ಹೊತ್ತು ಕೊರಿಯರ್ ಕಚೇರಿಗೆ ಅಲೆಯಬೇಕಿಲ್ಲ, ತಪ್ಪು ಅವರದು. ಪ್ರತಿಯನ್ನು ಇಟ್ಟುಕೊಳ್ಳಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ನೆನಪಿಸಿ. ಬಿಲ್ ಬಂದು ಹಣ ಕಟ್ಟಿದಿರೋ, ಆಮೇಲೆ ಧಾರಾಳವಾಗಿ ಬಣ್ಣದ ಕಾಗದ ಸುತ್ತಬಹುದು. ಮದುವೆಯೊಳಗೆ ಉತ್ತರವೇ ಬಾರದಿದ್ದರೆ ಹುಡುಗಿಗೆ ಬೇರೇನಾದರೂ ಕೊಡಿ. ಗ್ರೈಂಡರನ್ನು ಈ ಕಾಲದಲ್ಲಿ ಇನ್ನೂ ನಾಲ್ಕು ಜನ ಕೊಟ್ಟಿರುತ್ತಾರೆ.