ಅಳಲೆಕಾಯಿ: ಕಟ್ಟುವುದೂ ಅದೇ, ಸಡಿಲಿಸುವುದೂ ಅದೇ

ಪ್ರಶ್ನೆ: ಒಗರು ಪದಾರ್ಥ ಮಲ ಕಟ್ಟುತ್ತದೆ ಎನ್ನುತ್ತಾರೆ. ಹಾಗಿದ್ದರೆ ಮಲಬದ್ಧತೆಗೆ ಅಳಲೆಪುಡಿ ಏಕೆ? ಭೇದಿಗೂ ಅದನ್ನೇ ಕೊಡುತ್ತಾರಲ್ಲ!
– ಓದುಗರು, ಸಾಗರ

ಉತ್ತರ: ಎರಡೂ ಸರಿ, ಮಾಡುವ ಬಗೆ ಬೇರೆ. ಅಗಿದರೆ ಹಸಿವು ಹೆಚ್ಚು, ಪುಡಿ ಮಾಡಿ ತಿಂದರೆ ಹೊಟ್ಟೆ ಸಾಫು, ಬೇಯಿಸಿದರೆ ಮಲ ಕಟ್ಟುತ್ತದೆ, ಹುರಿದರೆ ತ್ರಿದೋಷ (ವಾತ, ಪಿತ್ತ, ಕಫ) ಶಮನ ಎನ್ನುತ್ತದೆ ಆಯುರ್ವೇದದ ಹಳೆಯ ಗ್ರಂಥ ಭಾವಪ್ರಕಾಶ.

ಮಲಬದ್ಧತೆಗೆ, ಬೀಜ ತೆಗೆದ ಒಣಸಿಪ್ಪೆಯನ್ನು ನಯವಾಗಿ ಕುಟ್ಟಿ ವಸ್ತ್ರಗಾಲಿತ ಮಾಡಿ, ಅಂದರೆ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮಲಗುವ ಮುಂಚೆ 3 ಗ್ರಾಂ ಪುಡಿ, ಬಿಸಿನೀರಿನಲ್ಲಿ. ಬೆಳಿಗ್ಗೆ ಎರಡು ಮೂರು ಸಲ ಓಡಾಡುವಂತಾದರೆ ಅರ್ಧಕ್ಕಿಳಿಸಿ. ತರಿತರಿ ಪುಡಿ ಹೊಟ್ಟೆ ನುಲಿಸುತ್ತದೆ. ಮಳೆಗಾಲದಲ್ಲಿ ಚಿಟಿಕೆ ಸೈಂಧವ ಲವಣ, ಬೇಸಿಗೆಯಲ್ಲಿ ಬೆಲ್ಲ ಸೇರಿಸುವುದು ಹಳೆಯ ರೂಢಿ. ತಿಂಗಳುಗಟ್ಟಲೆ ನುಂಗುವ ಮದ್ದಲ್ಲ ಇದು.

ಭೇದಿಗಾದರೆ ಇಡೀ ಕಾಯನ್ನು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಬೀಜದಿಂದ ತಿರುಳು ಬಿಡಿಸಿ, ಒಣಗಿಸಿ ಪುಡಿ ಮಾಡಿಟ್ಟುಕೊಂಡಿರಬೇಕು. 1ರಿಂದ 2 ಗ್ರಾಂ, ತಿಳಿಮಜ್ಜಿಗೆಯಲ್ಲಿ. ಅವಸರದಲ್ಲಿ ಅಂಗಡಿಯ ಬೇಯಿಸದ ಪುಡಿಯನ್ನೇ ಕಲಕಿ ಕುಡಿಸಿದರೆ ಭೇದಿ ಇನ್ನೂ ಹೆಚ್ಚಬಹುದು, ಎಡವಟ್ಟಾಗುವುದು ಇಲ್ಲೇ. ಓಆರ್‌ಎಸ್ ಹೇಗೂ ಕುಡಿಯುತ್ತಿರಬೇಕು. ರಕ್ತ ಬಿದ್ದರೆ, ಜ್ವರವಿದ್ದರೆ ಮನೆಮದ್ದು ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಪ್ರಶ್ನೆ: ಬಾಯಿಹುಣ್ಣಿಗೆಂದು ಅಳಲೆ ಕಷಾಯ ಕುದಿಸಿದೆ. ಕಪ್ಪಗೆ ಮಸಿಯಾಯಿತು. ಬಳಸಬಹುದೇ?
– ಓದುಗರು, ಹಾವೇರಿ

ಉತ್ತರ: ಕಬ್ಬಿಣದ ಬಾಣಲೆಯಲ್ಲಿ ಕುದಿಸಿರಬೇಕು. ಅಳಲೆಯಲ್ಲಿರುವ ಒಗರಿನ ಅಂಶ ಟ್ಯಾನಿನ್ನಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೆಯೇ. ಆ ಕಷಾಯ ಚೆಲ್ಲಿ, ಸ್ಟೀಲ್ ಪಾತ್ರೆಯಲ್ಲಿ ಮತ್ತೆ ಮಾಡಿ. 5 ಗ್ರಾಂ ಜಜ್ಜಿದ ಸಿಪ್ಪೆಗೆ 200 ಮಿಲಿ ನೀರು. ಸಣ್ಣ ಉರಿಯಲ್ಲಿ ಅರ್ಧಕ್ಕಿಳಿಸಿ ಸೋಸಿ. ಉಗುರುಬೆಚ್ಚಗಿದ್ದಾಗ ಬಾಯ್ತುಂಬ ಹಿಡಿದು, ಒಂದು ನಿಮಿಷ ಬಿಟ್ಟು ಉಗುಳಿ. ದಿನಕ್ಕೆ ಮೂರು ಸಲ ಸಾಕು. ಟ್ಯಾನಿನ್ ಹುಣ್ಣಿನ ಮೇಲಿನ ಪ್ರೋಟೀನನ್ನು ಬಿಗಿದು ತೆಳುಪೊರೆ ಕಟ್ಟುವುದರಿಂದ ಉರಿ ತಗ್ಗುತ್ತದೆ. ನಾಲಿಗೆ ಒಣಗಿ ದೊರಗಾದರೆ ಕಷಾಯದಷ್ಟೇ ನೀರು ಬೆರೆಸಿ. ಹಲ್ಲಿಗೆ ಕಂದುಕಲೆ ಹಿಡಿಯುವುದರಿಂದ ವಾರ ಮೀರಿಸಬೇಡಿ. ಮೂರು ವಾರಕ್ಕೂ ಮಾಯದ ಹುಣ್ಣನ್ನು, ಅದರಲ್ಲೂ ಹೊಗೆಸೊಪ್ಪು ಹಾಕುವವರು, ತೋರಿಸಲೇಬೇಕು.

ಅಂದ ಹಾಗೆ, ಕಬ್ಬಿಣಾಂಶದ ಮಾತ್ರೆ ನುಂಗುವವರು ಅಳಲೆಗೂ ಮಾತ್ರೆಗೂ ಎರಡು ಗಂಟೆ ಅಂತರ ಕೊಡಿ. ಇಲ್ಲವಾದರೆ ಹೊಟ್ಟೆಯೊಳಗೂ ಅವೆರಡು ಅಂಟಿಕೊಂಡು ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ಎರಡು ತಿಂಗಳ ಕೂಸಿಗೆ ಅಳಲೆ ತೇಯ್ದು ನೆಕ್ಕಿಸಬಹುದೇ?
– ಓದುಗರು, ತುಮಕೂರು

ಉತ್ತರ: ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ತೇಯುವ ಕಲ್ಲು, ನೀರಿನ ಕೊಳೆಯಿಂದಲೇ ಕೂಸಿಗೆ ಭೇದಿ ಹತ್ತಬಹುದು. ಬಸುರಿಯರಿಗೂ ಅಳಲೆ ನಿಷಿದ್ಧ.

ಪ್ರಶ್ನೆ: ಗ್ರಂದಿಗೆ ಅಂಗಡಿಯಲ್ಲಿ ಒಳ್ಳೆಯ ಕಾಯಿ ಆರಿಸುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಒಣ ಅಳಲೆಗೆ ಉದ್ದಕ್ಕೆ ಐದು ಏಣು ಎದ್ದಿರುತ್ತವೆ, ದುಂಡಗೆ, ಬೂದುಬಣ್ಣದ ನವಿರು ರೋಮವಿದ್ದರೆ ಅದು ಅಳಲೆಯಲ್ಲ, ತಾರೆಕಾಯಿ. ನೀರಿಗೆ ಹಾಕಿದರೆ ಮುಳುಗುವ ತೂಕದ ಕಾಯಿ ಉತ್ತಮ, ತೇಲುವುದು ಟೊಳ್ಳು. ಸಣ್ಣ ತೂತಿದ್ದರೆ ಹುಳು ಹೊಕ್ಕಿದೆ. ಪುಡಿಗಿಂತ ಇಡೀ ಕಾಯಿ ಕೊಳ್ಳುವುದೇ ಲೇಸು. ಪುಡಿಯಲ್ಲಿ ಬೀಜವೂ ಸೇರಿದೆಯೋ ತಿಳಿಯುವುದಿಲ್ಲ. ಕುಟ್ಟಿದ್ದನ್ನು ಗಾಜಿನ ಸೀಸೆಯಲ್ಲಿ ತುಂಬಿ, ಎರಡು ಮೂರು ತಿಂಗಳಲ್ಲಿ ಮುಗಿಸಿ.