ಅಮ್ಮನಿಗೆ ಏನು ಕೊರತೆ ಅಂತ ಖಿನ್ನತೆ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಮೂರು ತಿಂಗಳಿಂದ ಮೈಕೈ ನೋವು, ಎದೆಯುರಿ, ತಲೆ ಭಾರ. ಇಸಿಜಿ, ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಊಟ ಸೇರುತ್ತಿಲ್ಲ, ರವಿಕೆಗಳೆಲ್ಲ ಸಡಿಲವಾಗಿವೆ. ಮಲ್ಲಿಗೆ ಗಿಡಕ್ಕೆ ನೀರು ಹಾಕುವುದನ್ನೂ ಬಿಟ್ಟಿದ್ದಾರೆ. ಸಂಜೆ ಸ್ವಲ್ಪ ಗೆಲುವಾಗುತ್ತಾರೆ. ಅದಕ್ಕೇ ಅಪ್ಪ ‘ಎಲ್ಲ ನಾಟಕ’ ಅನ್ನುತ್ತಾರೆ. ಡಾಕ್ಟರು ಖಿನ್ನತೆ ಎಂದರು. ಮನೆ ಕಟ್ಟಿಸಿದ್ದೇವೆ, ತಂಗಿಯ ಮದುವೆಯಾಗಿದೆ, ಸಾಲವಿಲ್ಲ. ಅಮ್ಮ ಅಳುವುದೂ ಇಲ್ಲ. ಕಾರಣವಿಲ್ಲದೆ ಖಿನ್ನತೆ ಬರುತ್ತದೆಯೇ? (ಹಾವೇರಿ)

ಉತ್ತರ: ಬರುತ್ತದೆ. ಈ ಪ್ರಶ್ನೆ ನನಗೆ ತಪ್ಪದೆ ಬರುತ್ತಿರುತ್ತದೆ, ಮನೆ, ಮದುವೆ, ಸಾಲದ ಪಟ್ಟಿಯೂ ಜೊತೆಗೇ ಇರುತ್ತದೆ. ಮನೆ ಕಟ್ಟಿಸಿದ್ದು ಖಿನ್ನತೆ ಬಾರದಂತೆ ಹಾಕಿಸಿಕೊಂಡ ಲಸಿಕೆಯಲ್ಲ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ನಸುಕಿಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಹಸಿವು ಸತ್ತು ತೂಕ ಇಳಿಯುವುದು, ಇಷ್ಟದ ಕೆಲಸವೂ ಬೇಡವಾಗುವುದು. ಇವು ಎರಡು ವಾರ ಮೀರಿ ದಿನವೂ ಕಾಡಿದರೆ ನಾವು ಖಿನ್ನತೆಯನ್ನೇ ಮೊದಲು ಯೋಚಿಸುತ್ತೇವೆ. ಇನ್ನು ಆ ‘ನಾಟಕ’: ತೀವ್ರ ಖಿನ್ನತೆಯಲ್ಲಿ ಬೆಳಗಿನ ಹೊತ್ತು ತೀರಾ ಭಾರವಾಗಿದ್ದು, ಸಂಜೆಗೆ ತುಸು ಹಗುರಾಗುವುದು ಉಂಟು. ನಿಮ್ಮ ತಂದೆಯವರು ಸುಳ್ಳಿನ ಸಾಕ್ಷಿ ಅಂದುಕೊಂಡದ್ದು ರೋಗದ ಗುರುತು. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ. ಅಳು ಬರಲೇಬೇಕೆಂದೇನೂ ಇಲ್ಲ. ‘ಬೇಜಾರು’ ಎಂದು ಹೇಳಿಕೊಳ್ಳಲು ಬಾರದ, ಹೇಳಿದರೂ ಕೇಳುವವರಿಲ್ಲದ ಎಷ್ಟೋ ಹೆಂಗಸರು ನಮ್ಮ ಮುಂದೆ ಬರುವುದು ಸೊಂಟನೋವು, ಉರಿ, ಸುಸ್ತು ಎಂದೇ. ಆ ನೋವು ನಿಜವಾದದ್ದೇ.

ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇತ್ತೇ? ಹೆರಿಗೆಯಾದಾಗ ಹೀಗೇ ಆಗಿತ್ತೇ? ಮುಟ್ಟು ನಿಲ್ಲುವ ಕಾಲವೇ? ಮಗಳು ಗಂಡನ ಮನೆಗೆ ಹೋದ ಮೇಲೆ ಶುರುವಾಯಿತೇ? (ಮದುವೆಯನ್ನು ನೀವು ಸುಖದ ಪಟ್ಟಿಗೆ ಸೇರಿಸಿದ್ದೀರಿ. ಅಮ್ಮನನ್ನು ಕೇಳಿದ್ದೀರಾ?) ದೇಹವನ್ನೂ ಮರೆಯುವಂತಿಲ್ಲ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಅಥವಾ ಬಿ12 ಕೊರತೆ ಇದ್ದರೆ ಇದೇ ಸುಸ್ತು, ಇದೇ ನಿರಾಸಕ್ತಿ ಕಾಣಬಹುದು. ಸ್ಟೀರಾಯ್ಡ್ ಮಾತ್ರೆ, ಲಕ್ವ, ಪಾರ್ಕಿನ್ಸನ್ ಕಾಯಿಲೆಯ ಜೊತೆಗೂ ಖಿನ್ನತೆ ಬರುತ್ತದೆ. ಇಷ್ಟೊಂದು ಸ್ಕ್ಯಾನಿಂಗ್ ಮಾಡಿಸಿದವರು ಟಿಎಸ್‌ಎಚ್ (ಥೈರಾಯ್ಡ್ ನೋಡುವ ರಕ್ತಪರೀಕ್ಷೆ) ಮಾಡಿಸಿದ್ದು ಪತ್ರದಲ್ಲಿಲ್ಲ. ಮೊದಲು ಅದನ್ನು ಮಾಡಿಸಿ.

‘ನರದೌರ್ಬಲ್ಯ’ ಅಂತ ಗ್ಲೂಕೋಸ್ ಬಾಟಲಿ ಏರಿಸುವವರ ಹತ್ತಿರ ಹೋಗಬೇಡಿ. ತಾಯತ ಕಟ್ಟಿಸಿದರೆ ನಾನು ಜಗಳಕ್ಕೆ ಬರುವುದಿಲ್ಲ, ಆದರೆ ಅದರ ನೆಪದಲ್ಲಿ ಮಾತ್ರೆ ನಿಲ್ಲಿಸಿದರೆ ಬರುತ್ತೇನೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಶುರುವಾಗಬಹುದು. ಬಹಳ ಮಂದಿ ಬಿಡುವುದು ಅಲ್ಲೇ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಹಿಂದೆ ಯಾವಾಗಲಾದರೂ ಅತಿಯಾದ ಉತ್ಸಾಹ, ನಿದ್ದೆಯಿಲ್ಲದೆ ಓಡಾಟ, ಸಿಕ್ಕಾಪಟ್ಟೆ ಖರ್ಚು ಕಂಡಿದ್ದರೆ ಮನೋವೈದ್ಯರಿಗೆ ಮೊದಲೇ ಹೇಳಿ. ಅಂಥ ರೋಗಿಗಳಿಗೆ ಕೊಡುವ ಔಷಧಿಯೇ ಬೇರೆ.

ಒಂದು ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಅತಿ ಎಚ್ಚರ ಅನ್ನಿಸಿದರೂ ಸರಿ. ‘ಸತ್ತುಹೋಗಬೇಕು ಅನ್ನಿಸುತ್ತಾ ಅಮ್ಮಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಇವತ್ತೇ ಮನೆಯಿಂದಾಚೆ ಸಾಗಿಸಿ, ಮಾತ್ರೆಗಳು ನಿಮ್ಮ ಕೈಯಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಬೇಸರ ಎನ್ನುವುದಿಲ್ಲ, ಬರೀ ರೇಗುತ್ತಾರೆ, ಕುಡಿತ ಹೆಚ್ಚಾಗಿದೆ. ಇದೂ ಖಿನ್ನತೆಯೇ?

ಉತ್ತರ: ಇರಬಹುದು. ‘ಮೊದಲು ಕುಡಿತ ಬಿಡಲಿ’ ಎಂದು ಕಾಯಬೇಡಿ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ.

ಪ್ರಶ್ನೆ: ಏಳು ದಿನದಲ್ಲಿ ಖಿನ್ನತೆ ಮಾಯ ಮಾಡುವ ಕಷಾಯದ ವಿಡಿಯೊ ನೋಡಿದೆ. ಕುಡಿಯಬಹುದೇ?

ಉತ್ತರ: ಬೇಡ.

ಪ್ರಶ್ನೆ: ಮಗನಿಗೆ ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ.

ಉತ್ತರ: ಅನ್ನುವವರು ತಮ್ಮ ಮಗಳನ್ನು ಕೊಡುತ್ತಾರಾ ಕೇಳಿ. ಮೊದಲು ಚಿಕಿತ್ಸೆ ಕೊಡಿಸಿ. ಮದುವೆ ಮಾತು ಅವನು ಚೇತರಿಸಿಕೊಂಡ ಮೇಲೆ, ಅವನೇ ಬೇಕೆಂದರೆ, ಹುಡುಗಿಗೂ ವಿಷಯ ತಿಳಿಸಿ.